ಬಿಲ್ಲೆ ಬದಲಾದ ಚೀಲ

"ಕೇಳ್ರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಹೊನ್ನಾಂಬೆ, ಜೊತೆಗೊಂದು ಸೀಮೆ. ತಪ್ಪಿದವನ ತಲೆ ಅರಸರಿಗೆ!"

ಡಂಗುರದ ಅರ್ಥ ಸರಳ. ಮಗಳು ಬೇರೆ ಯಾರನ್ನು ನೋಡಿ ನಕ್ಕರೂ ಅರಸ ಉದ್ದಂಡರಾಯನಿಗೆ ಹೊಟ್ಟೆಯುರಿ. ಅವಳನ್ನು ಯಾರಿಗೂ ಕೊಡುವ ಮನಸ್ಸಿಲ್ಲ. ಹಾಗೆಂದು ಹೇಳುವ ಧೈರ್ಯವೂ ಇಲ್ಲ. ಆದ್ದರಿಂದ ಒಗಟು. ಮೊದಲನೆಯದನ್ನು ಸಭೆಯಲ್ಲಿ ತಾನೇ ಕೇಳಿದ.

"ನಮ್ಮ ಅಂಚೆಚೀಲ ಕೆಂಪು ಬಿಲ್ಲೆ ಕಟ್ಟಿಕೊಂಡು ಅರಮನೆಯಿಂದ ಹೊರಟಿತು. ಒಂದು ಅಂಚೆಕಟ್ಟೆ ದಾಟಿದಾಗ ಬಿಲ್ಲೆ ಹಳದಿ, ಇನ್ನೊಂದು ದಾಟಿದಾಗ ನೀಲಿ. ಕಡಲೂರು ಮುಟ್ಟಿದಾಗ ಬಿಲ್ಲೆಯೇ ಇಲ್ಲ. ಕಳ್ಳತನವಿಲ್ಲ, ಮೋಸವಿಲ್ಲ. ಹೇಗೆ?"

"ಬಿಸಿಲಿಗೆ ಬಣ್ಣ ಹೋಗಿರಬೇಕು," ಅಂದ ಸಾಮಂತನ ಮಗ. ತಲೆಯೂ ಹೋಯಿತು.

"ಬಿಲ್ಲೆಯೂ ಮಾಯೆ, ಚೀಲವೂ ಮಾಯೆ," ಅಂದ ಆಸ್ಥಾನ ಪಂಡಿತನ ಮಗ. ಕತ್ತಿ ಮಾಯೆಯಾಗಿರಲಿಲ್ಲ.

ಆಮೇಲೆ ಅಂಚೆಚೀಲ ಹೊತ್ತು ಓಡುವ ಸಣ್ಣೀರ ಬಂದ. ಹೊನ್ನಾಂಬೆ ತನ್ನ ಓಲೆಗಳನ್ನು ಕೊಡುತ್ತಿದ್ದದ್ದು ಅವನ ಕೈಗೇ. ಅವಳು ನಕ್ಕಳು. ರಾಜ ಹಲ್ಲು ಕಡಿದ.

"ಬುದ್ದಿ, ಪ್ರತಿ ಕಟ್ಟೆಯವನೂ ಬಂದ ಬಿಲ್ಲೆ ಬಿಚ್ಚಿ, ಮುಂದಿನವನಿಗೆ ತಿಳಿಯುವ ಬಿಲ್ಲೆ ಕಟ್ಟುತ್ತಾನೆ. ಕೊನೆಯವನು ಚೀಲವನ್ನೇ ಬಿಚ್ಚುವವನು, ಅವನಿಗೆ ಬಿಲ್ಲೆ ಯಾಕೆ? ಅವನ ಹಿಂದಿನ ಕಟ್ಟೆಯಲ್ಲೇ ತೆಗೆದುಬಿಡುತ್ತಾರೆ."

"ಚೀಲ ಮುಂದಕ್ಕೆ ಓಡುತ್ತದೆ. ಅದಕ್ಕೂ ಮೊದಲು ಹಿಂದಕ್ಕೆ ಓಡುವುದೇನು?"

"ಬಣ್ಣದ ಸುದ್ದಿ. 'ಕಡಲೂರಿನ ಚೀಲಕ್ಕೆ ಹಳದಿ ಕಟ್ಟು' ಅಂತ ಮುಂದಿನ ಕಟ್ಟೆಯವನು ಹಿಂದಿನವನಿಗೆ ಹೇಳಿಕಳಿಸಿರಬೇಕು. ಬಿಲ್ಲೆ ನೋಡಿ ಚೀಲ ಕಳಿಸುವವನು ಆ ಮುಂದಿನವನು, ಬಣ್ಣ ಆರಿಸುವವನೂ ಅವನೇ."

ಹೊನ್ನಾಂಬೆ ಮತ್ತೆ ನಕ್ಕಳು. ರಾಜ ಕತ್ತಿಯವನತ್ತ ನೋಡಿದ.

"ಸುದ್ದಿ ಬಂದಿದೆ, ಬಿಲ್ಲೆ ಕಟ್ಟಿದೆ, ಓಡುವವನ ಕಾಲೂ ಗಟ್ಟಿ. ಆದರೂ ಚೀಲ ಕದಲದು. ಏನು ಕಡಿಮೆ?"

"ದಾರಿ, ಬುದ್ದಿ. ಮುಂದಿನ ಕಟ್ಟೆ ಯಾವ ಕಡೆ ಅಂತ ಮೊದಲು ಗೊತ್ತಿರಬೇಕು. ಅದು ತಿಳಿಯದವನ ಕೈಯಲ್ಲಿ ಬಿಲ್ಲೆ ಮಕ್ಕಳ ಆಟಿಕೆ."

ಮೂರೂ ಸರಿ. ರಾಜ ತನ್ನ ಮುದ್ರೆಯುಂಗುರವನ್ನು ಸಣ್ಣೀರನ ಕಾಲ ಬಳಿ ಎಸೆದ.

"ಮಾವಳ್ಳಿ ಸೀಮೆ ನಿನ್ನದು. ಮದುವೆ ಅಲ್ಲಿಗೆ ಹೋಗಿ ಮಾಡಿಕೊ. ಆದರೆ ದಾರಿ ಹೇಳಿಕೊಟ್ಟವರ ನಾಲಿಗೆ ಕೊಯ್ಸುತ್ತೇನೆ. ಈ ಉಂಗುರದ ಆಟಿಕೆ ಚೆನ್ನಾಗಿದೆಯೇನೋ?"

ಸಣ್ಣೀರನಿಗೆ ಗೊತ್ತಿದ್ದದ್ದು ತನ್ನ ಕಟ್ಟೆಯಿಂದ ಮುಂದಿನ ಕಟ್ಟೆಯವರೆಗಿನ ದಾರಿ ಮಾತ್ರ. ಹೊನ್ನಾಂಬೆ ಎದ್ದು ಬಂದು ಉಂಗುರ ಎತ್ತಿಕೊಂಡಳು.

"ಅಪ್ಪಾಜಿ, ಮಾವಳ್ಳಿ ಅಮ್ಮನ ತವರು. ನಿಮಗೆ ಮರೆತಿದೆ. ನಾನು ದಾರಿ ಹೇಳುವುದಿಲ್ಲ, ನಡೆಯುತ್ತೇನೆ. ಇವರು ಹಿಂದೆ ಬರಲಿ."

ಇಬ್ಬರೂ ಹೋದರು, ಮದುವೆಯಾದರು, ಸೀಮೆಯನ್ನೂ ತಕ್ಕಮಟ್ಟಿಗೆ ಆಳಿದರು. ಅರಮನೆಗೆ ಮಾವಳ್ಳಿಯ ಚೀಲ ತಪ್ಪದೆ ಬರುತ್ತಿತ್ತು, ಬಿಲ್ಲೆ ಇಲ್ಲದೆ. ಒಳಗೆ ಮಗಳ ಓಲೆ. ಓಲೆಯ ತುಂಬ ಗಂಡನ ಹೊಗಳಿಕೆ. ರಾಜ ಒಂದಕ್ಷರ ಬಿಡದೆ ಓದುತ್ತಿದ್ದ. ಹೊಟ್ಟೆಯುರಿಯುತ್ತಿತ್ತು. ಮತ್ತೆ ಬಾಗಿಲಿಗೆ ಬಂದು, ಚೀಲ ಬಂತೇ ಎಂದು ಕೇಳುತ್ತಿದ್ದ.