ದಾವಲಸಾಬರಿಗೆ ಮಾಡದ ಫೋನು

"ಗುರುಗಳೇ, ನಂಬಿದವರನ್ನು 'ಇದು ನಿಜವೇ?' ಎಂದು ಕೇಳುವುದು ಅವರಿಗೆ ಮಾಡಿದ ಅವಮಾನವಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಗದಗಿನಲ್ಲಿ ಸಂಗಣ್ಣನೆಂಬ ವ್ಯಾಪಾರಿಯಿದ್ದ. ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಮಾಡಿಸಿ ಮಾರುವುದು ಅವನ ಕಸುಬು. ಗಂಡನನ್ನು ಕಳೆದುಕೊಂಡ ಅಕ್ಕ ನೀಲವ್ವ ಅದರಲ್ಲಿ ಪಾಲುದಾರಳು. ಹನ್ನೊಂದು ಹೆಂಗಸರು ಅಲ್ಲಿ ಹಾಳೆ ಮಡಚಿ, ಹೊಲಿದು ಹೊಟ್ಟೆ ಹೊರೆಯುತ್ತಿದ್ದರು. ಕಾಗದ ಬರುತ್ತಿದ್ದುದು ಹುಬ್ಬಳ್ಳಿಯ ದಾವಲಸಾಬರಿಂದ. ಸಂಗಣ್ಣನ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಬರೀ ಮಾತಿನ ಮೇಲೆ ಮೊದಲ ಲೋಡು ಕಳಿಸಿದವರು ಅವರು.

ವ್ಯಾಪಾರದ ಹಣವೆಲ್ಲ ಬ್ಯಾಂಕಿನ ಆನ್‌ಲೈನ್ ಖಾತೆಯಿಂದಲೇ ಹೋಗುತ್ತಿತ್ತು. ಸಂಗಣ್ಣ ಕಂಪ್ಯೂಟರಿನಲ್ಲಿ ಮೊತ್ತ ತುಂಬಬೇಕು, ಅಕ್ಕ ತನ್ನ ಮೊಬೈಲಿನಲ್ಲಿ ಒಪ್ಪಿಗೆ ಒತ್ತಬೇಕು. ಇಬ್ಬರೂ ಒಪ್ಪದೆ ಒಂದು ರೂಪಾಯಿಯೂ ಹೊರಗೆ ಹೋಗದಂತೆ ಬ್ಯಾಂಕಿನವರು ಮಾಡಿಕೊಟ್ಟ ಏರ್ಪಾಡು ಅದು.

ಒಂದು ಏಪ್ರಿಲ್‌ನಲ್ಲಿ ದಾವಲಸಾಬರ ಇಮೇಲ್ ಬಂತು. ಹಳೆಯ ಖಾತೆ ಮುಚ್ಚಿದ್ದೇನೆ, ಈ ಸಲದ ಮುಂಗಡವನ್ನು ಹೊಸ ಖಾತೆಗೆ ಇಂದೇ ಹಾಕಿ ಎಂದಿತ್ತು. ಸಂಗಣ್ಣ ಮೊತ್ತ ತುಂಬಿದ. ನೀಲವ್ವ ಒಪ್ಪಿಗೆ ಒತ್ತಲಿಲ್ಲ.

"ಒಮ್ಮೆ ಅವರಿಗೆ ಫೋನ್ ಮಾಡಿ ಕೇಳೋ ತಮ್ಮಾ" ಎಂದಳು.

"ಹದಿನೆಂಟು ವರ್ಷದ ಸ್ನೇಹ ಅಕ್ಕಾ. ನನ್ನ ಮೇಲೇ ಅನುಮಾನವೇನಪ್ಪಾ ಅಂತ ಅವರು ಕೇಳಿದರೆ ಯಾವ ಮುಖ ತೋರಿಸಲಿ? ನೀನು ಒತ್ತು."

ತಮ್ಮನ ಮನಸ್ಸು ನೋಯಿಸಲಾರದೆ ಅವಳು ಒತ್ತಿದಳು.

ಐದು ದಿನದ ಮೇಲೆ ದಾವಲಸಾಬರೇ ಫೋನ್ ಮಾಡಿದರು. ಮುಂಗಡ ಇನ್ನೂ ಬಂದಿಲ್ಲವಲ್ಲ, ಈ ವರ್ಷ ಕಾಗದ ಬೇಡವೇ ಎಂದು ಕೇಳಿದರು. ಹಣ ಹೋದದ್ದು ಅವರ ಖಾತೆಗಲ್ಲ ಎಂದು ಸಂಗಣ್ಣನಿಗೆ ಆಗ ತಿಳಿಯಿತು. ಅಕ್ಕನೂ ತಮ್ಮನೂ ಬ್ಯಾಂಕಿಗೆ ಓಡಿದರು, ಪೊಲೀಸರಿಗೆ ದೂರು ಕೊಟ್ಟರು. ಅಷ್ಟರಲ್ಲಿ ಹಣ ಯಾವ ಯಾವುದೋ ಖಾತೆಗಳನ್ನು ದಾಟಿ ಹೋಗಿತ್ತು. ಯಾರೋ ಕಳ್ಳರು ದಾವಲಸಾಬರ ಇಮೇಲಿಗೆ ನುಗ್ಗಿ ಅವರ ಹೆಸರಿನಲ್ಲಿ ಬರೆದಿದ್ದರು. ಸಂಗಣ್ಣನ ನಂತರ ಇನ್ನೂ ಮೂವರು ಗಿರಾಕಿಗಳು ಹಾಗೆಯೇ ಹಣ ಕಳೆದುಕೊಂಡಿದ್ದರು.

ಮತ್ತೆ ಮುಂಗಡ ಕೊಡಲು ಹಣವಿಲ್ಲದೆ ಆ ವರ್ಷ ಕಾಗದ ಬರಲಿಲ್ಲ. ಶಾಲೆಗಳು ತೆರೆಯುವ ಹೊತ್ತಿಗೆ ಕಾರ್ಖಾನೆಗೆ ಬೀಗ ಬಿದ್ದಿತ್ತು. ಆ ಹೆಂಗಸರಲ್ಲಿ ಕೆಲವರು ಕೂಲಿಗೆ ಹೋದರು, ಕೆಲವರು ಊರನ್ನೇ ಬಿಟ್ಟರು. ನೀಲವ್ವ ತಮ್ಮನನ್ನು ದೂರಲಿಲ್ಲ. ಮೊಬೈಲ್ ಮುಟ್ಟುವುದನ್ನೇ ಬಿಟ್ಟಳು.

ಒಂದು ದಿನ ದಾವಲಸಾಬರು ಮನೆಗೆ ಬಂದರು. ಗಿರಾಕಿಗಳು ಕೈಬಿಟ್ಟು ಅವರ ವ್ಯಾಪಾರವೂ ನಿಂತುಹೋಗಿತ್ತು.

"ಅವತ್ತೇ ಒಂದು ಫೋನ್ ಮಾಡಿದ್ದರೆ ಉಳಿದವರನ್ನಾದರೂ ಎಚ್ಚರಿಸುತ್ತಿದ್ದೆನಲ್ಲ ಸಂಗಣ್ಣ. ಯಾಕೆ ಕೇಳಲಿಲ್ಲ?"

"ನಿಮಗೆ ಬೇಸರವಾದೀತು ಅಂತ."

ದಾವಲಸಾಬರು ತಮಗೆ ಕೊಟ್ಟ ಚಹಾ ಮುಟ್ಟದೆ ಎದ್ದು ಹೋದರು. ಮತ್ತೆ ಆ ಮನೆಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. "ಸ್ನೇಹಿತನನ್ನು ಅಷ್ಟು ನಂಬಿದ್ದಕ್ಕೆ ಅವನಿಗೆ ಸಿಕ್ಕಿದ್ದು ಇದೇನಾ?" ಎಂದ.

"ಒಂದು ಪ್ರಶ್ನೆ ಕೇಳಿದರೆ ಸ್ನೇಹ ಮುರಿದುಹೋಗುತ್ತದೆ ಅಂದುಕೊಂಡನಲ್ಲ ಮಗು, ಅದನ್ನು ಅವನು ನಂಬಿದ್ದು ಅಷ್ಟು ಮಾತ್ರ."