ಹದಕ್ಕೆ ಕಾದ ಸಿಗಾರ್

ಜನವರಿ ಒಂಬತ್ತು, ಒಣ ಗಾಳಿಯ ದಿನ. ಉತ್ತಯ್ಯನವರ ದೇವದಾರು ಪೆಟ್ಟಿಗೆಗೆ ಹೊಸದಾಗಿ ಬಂದಿದ್ದ ಸಿಗಾರ್, ಮೂಲೆಯ ಹಳೆಯ ಸಿಗಾರನ್ನು ಕೇಳಿತು: "ಅಜ್ಜ, ನಿನ್ನನ್ನೇಕೆ ಇನ್ನೂ ಹಚ್ಚಿಲ್ಲ?"

"ಇಲ್ಲಿ ನಾನೇ ಶ್ರೇಷ್ಠ, ಮರಿ. ಗೆಳೆಯ ಬೋಪಣ್ಣ ಬಂದಾಗಲೆಲ್ಲ ಯಜಮಾನರು ನನ್ನನ್ನು ಎತ್ತಿ ಮೂಸಿ, 'ಇನ್ನೂ ಹದ ಬರಲಿ, ಮುಂದಿನ ಸಲ ಹಂಚಿಕೊಂಡು ಸೇದೋಣ' ಎಂದು ಮರಳಿ ಇಡುತ್ತಿದ್ದರು. ನಾನೂ ಬೀಗುತ್ತಿದ್ದೆ."

"ಅಬ್ಬಾ! ನಿನಗೆ ಎಷ್ಟು ಬೆಲೆ ತೆತ್ತರೋ!"

ಅಷ್ಟರಲ್ಲಿ ಮುಚ್ಚಳ ತೆರೆಯಿತು. ಬೋಪಣ್ಣನನ್ನು ಮಣ್ಣು ಮಾಡಿ ಬಂದಿದ್ದ ಉತ್ತಯ್ಯ ಹಳೆಯ ಸಿಗಾರನ್ನು ಎರಡು ತುಂಡು ಮಾಡಿದರು. ಒಂದನ್ನು ಗೆಳೆಯನ ಖಾಲಿ ಕುರ್ಚಿಯ ಮುಂದಿಟ್ಟು, ಇನ್ನೊಂದನ್ನು ಹಚ್ಚಿ ಎಳೆದರು.

"ಹದ ಬಂದಿದೆ ಕಣೋ," ಎಂದರು.

ಹಚ್ಚದೆ ಉಳಿದ ತುಂಡು ಪೆಟ್ಟಿಗೆಯತ್ತ ತಿರುಗಿತು. "ಬೆಲೆ ಕೇಳಿದೆಯಲ್ಲ, ಮರಿ. ಬೋಪಣ್ಣನ ಜೊತೆ ಕೂರಬಹುದಾಗಿದ್ದ ಒಂದು ಸಂಜೆ."