ಎಲೆ ಇಲ್ಲದ ಹೂ

ಕಾಡಿನ ಅಂಚಿನಲ್ಲಿ ಬಾಳವ್ವನ ಮಠ. ಮಠದ ಹಿಂದೆ ನೇರಳೆ ಮರ. ಮರದ ಕೆಳಗೆ ಬಾಳವ್ವನ ಗುರು ದೊಡ್ಡವ್ವನ ಗದ್ದುಗೆ. ದೊಡ್ಡವ್ವನನ್ನು ಮಣ್ಣು ಮಾಡಿದ್ದು ಅಲ್ಲೇ.

ತುಳಜಾ ಬಂದ ದಿನವೇ ದೀಕ್ಷೆ ಕೇಳಿದಳು.

"ದೊಡ್ಡವ್ವನ ಹೂ ಏಳಲಿ, ಕೊಡತೀನಿ," ಎಂದಳು ಬಾಳವ್ವ.

"ಯಾವ ಹೂ ಅವ್ವಾರ?"

"ಎಲಿ ಇಲ್ಲ, ಹಸರಿಲ್ಲ. ಹೆಣದ ಬೆರಳಿನ ಬಣ್ಣ. ಕೊಳೆತದ್ದರೊಳಗ ಹುಟ್ಟತೈತಿ. ಮಳಿ ಬಿದ್ದ ಮ್ಯಾಲೆ ತಲಿ ಬಗ್ಗಿಸಿಕೊಂಡು ನೆಲದಿಂದ ಏಳತೈತಿ, ನಾಲ್ಕು ದಿನ ಇದ್ದು ಹೋಗತೈತಿ. ದೊಡ್ಡವ್ವ ಒಪ್ಪಿಗಿ ಕೊಡೋದು ಹಂಗ."

"ಅಲ್ಲೀತನಕ ನಾ ಏನು ಮಾಡಲಿ?"

"ಕಾಯಿ."

ಸುಮ್ಮನೆ ಕಾಯುವ ಹೆಣ್ಣಲ್ಲ ತುಳಜಾ. ಅವಳು ತೊಳೆದ ಪಾತ್ರೆಯಲ್ಲಿ, ಸಾರಿಸಿದ ನೆಲದಲ್ಲಿ ಅವಳ ಅತ್ತೆಗೂ ತಪ್ಪು ಸಿಕ್ಕಿರಲಿಲ್ಲ. ದೇವರಂಥ ಹೂವು ಕೊಳಕಿನಲ್ಲಿ ಏಳುವುದುಂಟೇ?

ದಿನಾ ಬೆಳಗ್ಗೆ ಗದ್ದುಗೆಯ ಸುತ್ತ ಗುಡಿಸಿದಳು. ಕೊಳೆತ ಎಲೆ, ಅದರಡಿಯ ಕಪ್ಪು ಮಣ್ಣು, ಆ ಮಣ್ಣಿನಲ್ಲಿ ಹೆಣೆದುಕೊಂಡ ಬಿಳಿ ಬೂಜಿನ ಎಳೆಗಳು, ಎಲ್ಲವನ್ನೂ ಕೆರೆದು ಬುಟ್ಟಿಗೆ ತುಂಬಿದಳು. ತಲೆಯ ಮೇಲೆ ಹೊತ್ತು ಬಿದಿರ ಮೆಳೆಯ ಆಚೆಯ ತಗ್ಗಿಗೆ ಮೇಲಿನಿಂದಲೇ ಸುರಿದು, ಇಣುಕಿಯೂ ನೋಡದೆ ಬಂದಳು.

ಕಟ್ಟೆಯ ಮೇಲೆ ಕೂತ ಬಾಳವ್ವ ದಿನಾ ಕೇಳುವಳು: "ಬುಟ್ಟಿ ಭಾರ ಇತ್ತೇನು?"

"ತರಗೆಲಿ ಏನು ಭಾರ ಅವ್ವಾರ!"

ಆದರೆ ಕೆಲವು ದಿನ ಭಾರವಿತ್ತು, ಕುತ್ತಿಗೆ ಕುಸಿಯುವಷ್ಟು. ಒಮ್ಮೆ ಮೆಳೆ ದಾಟುವಾಗ ನೆತ್ತಿಯ ಮೇಲೆ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಗಾಳಿ ಎಂದುಕೊಂಡಳು. ಬಿದಿರು ಅಲುಗುತ್ತಿರಲಿಲ್ಲ.

ಮಳೆಗಾಲಗಳು ಬಂದು ಹೋದವು. ಗದ್ದುಗೆಯ ಸುತ್ತಲಿನ ನೆಲ ಅಂಗೈಯಷ್ಟು ನುಣುಪಾಯಿತು. ಹೂ ಏಳಲಿಲ್ಲ.

ಒಂದು ಮಳೆಗಾಲದಲ್ಲಿ ಬಾಳವ್ವ ಹಾಸಿಗೆ ಹಿಡಿದಳು. ಗಂಜಿಯೂ ಗಂಟಲಿಗಿಳಿಯಲಿಲ್ಲ.

ತುಳಜಾಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ನೀವು ಹೋದ್ರ ನನಗ ದೀಕ್ಷಾ ಕೊಡೋರು ಯಾರು? ಒಂದು ಎಲಿ ಬಿದ್ದಿರಾಕ ಬಿಟ್ಟಿಲ್ಲ ನಾ. ನಿಮ್ಮ ದೊಡ್ಡವ್ವನ ಕಣ್ಣಿಗೆ ನಾ ಬೀಳಲೇ ಇಲ್ಲೇನು?"

"ಕಸ ಎಲ್ಲಿ ಚೆಲ್ಲಿದಿ?"

"ಕಸ ಚೆಲ್ಲೋ ಜಾಗದಾಗ!"

"ಹೋಗಿ ನೋಡಿ ಬಾ."

ಮಳೆ ಆಗಷ್ಟೇ ನಿಂತಿತ್ತು. ತುಳಜಾ ಮೆಳೆ ದಾಟಿ ತಗ್ಗಿಗಿಳಿದಳು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಅವಳು ಸುರಿದ ಎಲೆಯೆಲ್ಲ ಸೇರಿ ಮಲಗಿದ ಮನುಷ್ಯರ ಉದ್ದಕ್ಕೆ ದಿಬ್ಬವಾಗಿತ್ತು. ದಿಬ್ಬದ ತುಂಬ ಹೂ. ಎಲೆಯಿಲ್ಲದ, ಹಸಿರಿಲ್ಲದ, ರಕ್ತವಿಲ್ಲದ ಬೆರಳಿನಂಥ ದಂಟುಗಳು. ಅವುಗಳ ನಡುವೆ ಹಿಂದಿನ ವರ್ಷಗಳ ಒಣಗಿದ ದಂಟುಗಳು. ಹೂಗಳೆಲ್ಲ ಅವಳು ಬರುವ ದಾರಿಯ ಕಡೆಗೆ ತಲೆ ಬಗ್ಗಿಸಿದ್ದವು.

ಮೊಣಕಾಲೂರಿ ದಿಬ್ಬದೊಳಗೆ ಕೈ ಇಟ್ಟಳು. ಬೆಚ್ಚಗಿತ್ತು, ಮೈಯಂತೆ.

ಅವಳು ನೋಡುತ್ತಿದ್ದಂತೆ ಒಂದು ಹೂ ಮೆಲ್ಲಗೆ ತಲೆ ಎತ್ತಿತು.

ಓಡಿ ಬಂದಳು. "ಅವ್ವಾರ, ದೊಡ್ಡವ್ವ ಅಲ್ಲಿ ಅದಾಳ! ಗದ್ದುಗಿ ಇಲ್ಲಿ, ಅಕಿ ಅಲ್ಲೀತನಕ ಹೆಂಗ ಹೋದಳು?"

"ನಡದು ಹೋಗಾಕ ಅಕಿಗೆ ಕಾಲೆಲ್ಲಿ ಅದಾವ?"

ತುಳಜಾಳ ಕೈ ತಾನಾಗಿಯೇ ನೆತ್ತಿಗೆ ಹೋಯಿತು.

ಕೈ ಅಲ್ಲೇ ಇಟ್ಟುಕೊಂಡು ಕೇಳಿದಳು: "ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ದಿನಾ ಕೇಳತಿದ್ದೆನಲ್ಲ."

ಬಾಳವ್ವ ಅವಳ ಕೈ ಹಿಡಿದೆಳೆದುಕೊಂಡಳು. ಉಗುರಿನ ಸಂದಿಯಲ್ಲಿದ್ದ ಕಪ್ಪು ಮಣ್ಣನ್ನು ಬೆರಳಿಗೆ ತೆಗೆದು ಅವಳ ಹಣೆಗೆ ಹಚ್ಚಿದಳು. ಕಿವಿಯಲ್ಲಿ ಮಂತ್ರ ಹೇಳಿದಳು. ದೀಕ್ಷೆ ಅಷ್ಟೇ.

"ನನ್ನನ್ನ ದೊಡ್ಡವ್ವನ ಗದ್ದುಗಿ ಮಗ್ಗಲಾಗ ಮಣ್ಣು ಮಾಡು," ಎಂದು ಕಣ್ಣು ಮುಚ್ಚಿದಳು.

ತುಳಜಾ ಏಳಬೇಕೆನ್ನುವಾಗ ಆ ಕಣ್ಣು ಅರ್ಧ ತೆರೆಯಿತು.

"ನಾಳಿಯಿಂದ ಬುಟ್ಟಿ ಇನ್ನೊಂದಿಷ್ಟು ಭಾರ ಆಗತೈತಿ. ಮೆಲ್ಲಕ ನಡಿ."